ಕಾರಿನ ಬೆಲ್ಟ್ ಕಿರುಚುತ್ತಿದೆಯೇ?

ಅಂದು ಇಶಾ ನಮಾಝ್ ಮುಗಿಸಿ ಮನೆಗೆ ಬಂದಾಗ ಅಮ್ಮಿಗೆ ಉಬ್ಬಸ ಜೋರಾಗಿತ್ತು. ಹುಲಿಕುಂಟೆಯಿಂದ ಶಿರಾಕ್ಕೆ ಕರೆದೊಯ್ದೆವು. ವೈದ್ಯರು ಇಂಜೆಕ್ಷನ್ ಕೊಟ್ಟು, ತಡ ಮಾಡದೆ ತುಮಕೂರಿಗೆ ಹೋಗಿ ಎಂದರು. ಕಳ್ಳಂಬೆಳ್ಳ ದಾಟಿ ಸೀಬಿಯ ಹತ್ತಿರ ಬರುವಷ್ಟರಲ್ಲಿ ಬಾನೆಟ್ ಒಳಗೆ ‘ಟಪ್’ ಎಂಬ ಸದ್ದು. ಬ್ಯಾಟರಿಯ ಕೆಂಪು ದೀಪ ಹತ್ತಿತು. ಸ್ವಲ್ಪದರಲ್ಲೇ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಹೆದ್ದಾರಿಯ ಬದಿಗೆ ನಿಲ್ಲಿಸಿ ಟಾರ್ಚ್ ಹಾಕಿ ನೋಡಿದರೆ ಫ್ಯಾನ್ ಬೆಲ್ಟ್ ಇಲ್ಲ, ಅದರ ಚೂರುಗಳು ಮಾತ್ರ ಇವೆ. ಟೊಮೆಟೊ ಹೇರಿಕೊಂಡು ಹೋಗುತ್ತಿದ್ದ ಟೆಂಪೋದವರೊಬ್ಬರು ನಿಲ್ಲಿಸಿ ಅಮ್ಮಿಯನ್ನು ಆಸ್ಪತ್ರೆ ಮುಟ್ಟಿಸಿದರು. ಅಲ್‌ಹಮ್ದುಲಿಲ್ಲಾಹ್, ಅವರು ಚೇತರಿಸಿಕೊಂಡರು.

ಆದರೆ ಆ ಬೆಲ್ಟ್ ದಿಢೀರನೆ ಹರಿದದ್ದಲ್ಲ. ಎರಡು ವಾರದಿಂದ ಪ್ರತಿ ಬೆಳಿಗ್ಗೆ ಕಿರುಚುತ್ತಿತ್ತು. ‘ಬೇಟಾ, ಗಾಡಿ ಯಾಕೋ ಅಳ್ತಾ ಇದೆ’ ಎಂದು ಅಮ್ಮಿಯೇ ಹೇಳಿದ್ದರು. ‘ಈಗ ತಾನೇ ಹೊಸ ಬೆಲ್ಟ್ ಹಾಕಿಸಿದ್ದೇನೆ, ಏನೂ ಆಗಲ್ಲ’ ಎಂದು ನಾನು ಸುಮ್ಮನಾಗಿದ್ದೆ. ಒಂಟೆಯನ್ನು ಕಟ್ಟಿಹಾಕಿದ ಮೇಲೆಯೇ ತವಕ್ಕುಲ್ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನು!

ನಮ್ಮೂರಿನ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಮೋಟಾರಿನ ಚಕ್ರದಿಂದ ಕಲ್ಲಿನ ಚಕ್ರಕ್ಕೆ ಒಂದು ಪಟ್ಟಿ. ಕಾರಿನಲ್ಲೂ ಅಷ್ಟೇ. ಎಂಜಿನ್ನಿನ ಪುಲ್ಲಿ ತಿರುಗಿದಾಗ ಬೆಲ್ಟ್ ಆಲ್ಟರ್ನೇಟರನ್ನು ತಿರುಗಿಸಿ ಬ್ಯಾಟರಿಗೆ ಕರೆಂಟ್ ಕೊಡಿಸುತ್ತದೆ. ಅನೇಕ ಕಾರುಗಳಲ್ಲಿ ನೀರಿನ ಪಂಪು, ಎಸಿ, ಪವರ್ ಸ್ಟಿಯರಿಂಗ್‌ನ ಎಣ್ಣೆ ಪಂಪು ಕೂಡ ಇದೇ ಬೆಲ್ಟಿನ ಬಲದಿಂದಲೇ ನಡೆಯುತ್ತವೆ. ಆದ್ದರಿಂದ ಕೆಂಪು ದೀಪದ ಜೊತೆಗೆ ಬಿಸಿಯ ಮುಳ್ಳೂ ಏರಿದರೆ ‘ಇನ್ನೆರಡು ಕಿಲೋಮೀಟರ್ ತಾನೇ’ ಎಂದು ಓಡಿಸಬಾರದು. ನೀರು ಹರಿಯದ ಎಂಜಿನ್ ಹೆಡ್ ಗ್ಯಾಸ್ಕೆಟನ್ನು ಸುಟ್ಟುಕೊಳ್ಳುತ್ತದೆ. ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ.

ಬೆಲ್ಟಿನ ಸದ್ದಿನಲ್ಲಿ ಎರಡು ಬಗೆಯಿದೆ. ಸ್ಟಾರ್ಟ್ ಮಾಡಿದಾಗ, ಹೆಡ್‌ಲೈಟ್ ಅಥವಾ ಎಸಿ ಹಾಕಿದಾಗ ‘ಕೀಂ’ ಎಂದು ಎಳೆದು ಕಿರುಚಿದರೆ ಬೆಲ್ಟ್ ಜಾರುತ್ತಿದೆ. ಸಡಿಲವಾಗಿರಬಹುದು, ಸವೆದಿರಬಹುದು, ಎಣ್ಣೆ ಬಿದ್ದಿರಬಹುದು. ಹಕ್ಕಿಮರಿಯಂತೆ ‘ಚಿಂವ್ ಚಿಂವ್’ ಎಂದು ತಾಳ ಹಾಕಿದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಅನುಮಾನವಿದ್ದರೆ, ಎಂಜಿನ್ ಓಡುತ್ತಿರುವಾಗ ದೂರದಿಂದ ಬೆಲ್ಟಿನ ಗೀರುಗಳ ಬದಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಸ್ವಲ್ಪ ಹೊತ್ತು ನಿಂತರೆ ನೇರ ತಪ್ಪಿದೆ, ಇನ್ನೂ ಜೋರಾದರೆ ಜಾರುತ್ತಿದೆ ಎಂದರ್ಥ. ಜುಬ್ಬಾದ ತೋಳು, ದುಪಟ್ಟಾದ ಸೆರಗು, ಮಕ್ಕಳು, ಇವೆಲ್ಲ ದೂರವಿರಲಿ. ಸದ್ದು ಅಡಗಲೆಂದು ಗ್ರೀಸ್, ಎಣ್ಣೆ, ಸೋಪು ಹಚ್ಚುವವರಿದ್ದಾರೆ. ಅದು ಬೆಲ್ಟಿಗೆ ವಿಷ.

ಇನ್ನು ಕಣ್ಣಿನಿಂದ ನೋಡುವುದು. ಎಂಜಿನ್ ಆರಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ರೇಡಿಯೇಟರಿನ ವಿದ್ಯುತ್ ಫ್ಯಾನ್ ಬೀಗ ತೆಗೆದ ಮೇಲೂ ತಾನಾಗಿ ತಿರುಗಬಲ್ಲದು. ಹಳೆಯ ಕಾಲದ ಬೆಲ್ಟುಗಳು ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರಿನವು ಟೈರಿನಂತೆ ಸುಮ್ಮನೆ ಸವೆಯುತ್ತವೆ, ಬಿರುಕಿಲ್ಲವೆಂದು ನಂಬಿ ಕೂರುವಂತಿಲ್ಲ. ಗೀರುಗಳ ಆಳ ಕಡಿಮೆಯಾಗಿದೆಯೇ, ಅಂಚಿನಲ್ಲಿ ನೂಲು ಎದ್ದಿದೆಯೇ ನೋಡಿ. ಬೋಲ್ಟಿನಿಂದ ಬಿಗಿ ಮಾಡುವ ಬೆಲ್ಟಾದರೆ ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬಗ್ಗಬೇಕು. ಸರಿಯಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗ್ ಹೋಗುತ್ತದೆ.

ನಾನು ಎಡವಿದ್ದು ಪುಲ್ಲಿಯ ವಿಷಯದಲ್ಲಿ. ನನ್ನ ಕಾರಿನ ಆಲ್ಟರ್ನೇಟರ್ ಬೇರಿಂಗ್ ಸವೆದು ಪುಲ್ಲಿ ಅಲುಗಾಡುತ್ತಿತ್ತು. ಮೊದಲ ಬೆಲ್ಟನ್ನು ತಿಂದದ್ದು ಅದೇ, ಹೊಸ ಬೆಲ್ಟನ್ನೂ ಅದೇ ತಿಂದಿತು. ಮೆಕ್ಯಾನಿಕ್ ಬೆಲ್ಟ್ ಮಾತ್ರ ಬದಲಾಯಿಸಿದ್ದರು, ನಾನೂ ‘ಇಷ್ಟೇ ಸಾಕು’ ಎಂದಿದ್ದೆ. ಬೆಲ್ಟ್ ಕಳಚಿದಾಗ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡುವುದು ಐದು ನಿಮಿಷದ ಕೆಲಸ. ಸದ್ದಿಲ್ಲದೆ ತಿರುಗಬೇಕು, ಹಿಡಿದು ಅಲುಗಿಸಿದರೆ ಆಡಬಾರದು. ಗರಗರ ಎಂದರೆ ಬೇರಿಂಗ್ ಸಾಯುತ್ತಿದೆ. ಬೇಸಿಗೆಯಲ್ಲಿ ನಮ್ಮ ಶಿರಾ, ಪಾವಗಡದ ಮಣ್ಣು ರಸ್ತೆಗಳ ಧೂಳು ಪುಲ್ಲಿಯ ಗೀರುಗಳಲ್ಲಿ ಕೂತು ಮರಳು ಕಾಗದದಂತೆ ಉಜ್ಜುತ್ತದೆ. ಹೊಸ ಬೆಲ್ಟ್ ಏರಿಸುವ ಮುನ್ನ ಒಣ ಬ್ರಷ್‌ನಿಂದ ಅದನ್ನು ತೆಗೆಸಿ.

ಟೈಮಿಂಗ್ ಬೆಲ್ಟ್ ಬೇರೆಯೇ. ಅದು ಮುಚ್ಚಳದೊಳಗಿರುತ್ತದೆ, ಬಹಳ ಸಲ ಸದ್ದು ಮಾಡದೆಯೇ ಹರಿಯುತ್ತದೆ. ಹರಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವುಗಳಿಗೆ ಬಡಿದು ದೊಡ್ಡ ಖರ್ಚು ತರುತ್ತದೆ. ಮಾರುತಿ 800, ಹಳೆಯ ಸ್ಯಾಂಟ್ರೋಗಳಲ್ಲಿ ಇರುವುದು ಬೆಲ್ಟ್. ಸ್ವಿಫ್ಟ್ ಡೀಸೆಲ್‌ನಂಥವುಗಳಲ್ಲಿ ಚೈನು. ಹಳೆಯ ಕಾರು ಕೊಳ್ಳುವವರು ಮೊದಲು ಇದನ್ನು ಕೇಳಿ. ಬದಲಿಸಿದ ದಾಖಲೆ ಇಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಬದಲಿಸುವಾಗ ಟೆನ್ಷನರನ್ನೂ, ಅದೇ ಬೆಲ್ಟಿನಿಂದ ನೀರಿನ ಪಂಪು ತಿರುಗುವುದಾದರೆ ಅದನ್ನೂ ಹೊಸದು ಹಾಕಿಸಿ. ಮತ್ತೆ ಅಷ್ಟೂ ಬಿಚ್ಚುವ ಕೂಲಿ ಉಳಿಯುತ್ತದೆ.

ಬದಲಿಸಿದ ದಿನಾಂಕ, ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿದರೆ ನೆನಪಿಡುವ ಗೋಜಿಲ್ಲ. ನಮ್ಮ ಕಾರಿನಲ್ಲೂ ಅಂಥದ್ದೊಂದು ಚೀಟಿಯಿದೆ. ಅಮ್ಮಿ ಹೇಳಿ ಬರೆಸಿದ್ದು, ಬರೆದದ್ದು ನನ್ನ ಮಗಳು.