ದೋಣಿಗೆ ಎಂತ ಬ್ಯಾಟರಿ?

ಗಂಗೊಳ್ಳಿ ಕಡೆ ದೋಣಿಗೆ ಹೆಚ್ಚಾಗಿ ಎಣ್ಣೆ ಎಂಜಿನ್. ನನ್ನ ಮಾವ ಮಾತ್ರ ಹೊಳೆಯಲ್ಲಿ ಗಾಳ ಹಾಕಲು ಬ್ಯಾಟರಿ ಮೋಟಾರ್ ತಂದರು. ಅದಕ್ಕೆ ಲಾರಿಯ ಹಳೆ ಬ್ಯಾಟರಿ ಕಟ್ಟಿದರು. ಒಂದು ಸಂಜೆ ಪಂಚಗಂಗಾವಳಿಯ ನಡುವೆ ಮೋಟಾರ್ ನಿಂತೇ ಹೋಯ್ತು. ಇಳಿತದ ನೀರು ದೋಣಿಯನ್ನು ಅಳಿವೆ ಕಡೆಗೆ ಎಳೀತಿತ್ತು. ದೋಣಿಯಲ್ಲಿ ನಾನೂ ಇದ್ದೆ. ಮಾವ ಹುಟ್ಟು ಹಾಕಿ ಹಾಕಿ ದಡ ಮುಟ್ಟಿಸಿದರು. (ಅತ್ತೆ ಇದನ್ನು ಓದದಿದ್ದರೆ ಸಾಕು!)

ಲಾರಿ ಬ್ಯಾಟರಿ ಇರುವುದು ಎಂಜಿನ್ ಸ್ಟಾರ್ಟ್ ಮಾಡಲು. ಸ್ವಲ್ಪ ಹೊತ್ತು ಜೋರು ಕರೆಂಟ್ ಕೊಡುತ್ತದೆ, ಅಷ್ಟೇ. ಗಂಟೆಗಟ್ಟಲೆ ಓಡಲು ಇನ್ವರ್ಟರಿಗೆ ಹಾಕುವಂಥದ್ದು ಬೇಕು.

ಲೆಕ್ಕ ನೋಡಿ. 100 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಮೋಟಾರ್ 25 ಆಂಪಿಯರ್ ಎಳೆದರೆ 4 ಗಂಟೆ. ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬ್ಯಾಟರಿ ಬೇಗ ಹಾಳು. ಹಾಗಾಗಿ 2 ಗಂಟೆ ಅಂತಲೇ ಹಿಡಿಯಬೇಕು. ಹೋಗೋದಕ್ಕೆ 1, ಬರೋದಕ್ಕೆ 1.

ಎರಡು 12 ವೋಲ್ಟ್ ಬ್ಯಾಟರಿಗಳ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ 12 ವೋಲ್ಟೇ, ಓಡುವ ಹೊತ್ತು ಇಮ್ಮಡಿ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿದರೆ 24 ವೋಲ್ಟ್. 24ರ ಮೋಟಾರಿಗೆ ಅಷ್ಟೇ ಶಕ್ತಿಗೆ ಅರ್ಧ ಕರೆಂಟ್ ಸಾಕು, ವಯರ್ ಬಿಸಿಯಾಗೋದೂ ಕಡಿಮೆ. ಮಾವನದ್ದು 12ರ ಮೋಟಾರ್. ಅದಕ್ಕೆ 24 ಕೊಟ್ಟರೆ ಸುಟ್ಟೀತು.

ಮಾವ ಈಗ ಹೊಸ ಬ್ಯಾಟರಿಗೆ ದುಡ್ಡು ಕೂಡಿಸ್ತಾ ಇದ್ದಾರೆ. ಅಲ್ಲಿವರೆಗೆ ಹುಟ್ಟೇ ಗತಿ.