ಮಾಗಡಿ ಕೆರೆಯ ಬಳಿ ಒಂದು ರಾತ್ರಿ

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆಯನ್ನು ಕಾಣಲು ನಾವೂ ಹೊರಟೆವು. ಮಿತ್ರರೊಬ್ಬರ ಮನೆಗಾಡಿಯನ್ನು ಜೀಪಿನ ಹಿಂದೆ ಕಟ್ಟಿಕೊಂಡು. ಮಂಚ, ಒಲೆ, ದೀಪ, ಪುಟ್ಟ ಫ್ರಿಜ್ಜು, ಎಲ್ಲವೂ ಅದರಲ್ಲುಂಟು. ಫ್ರಿಜ್ಜಿನಲ್ಲಿ ತಾಯಿಯವರ ಒಂದು ತಿಂಗಳ ಇನ್ಸುಲಿನ್.

ಇವೆಲ್ಲಕ್ಕೂ ಆಧಾರ 12 ವೋಲ್ಟಿನ ಒಂದು ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ವಂಶದ್ದೇ ಅದು. ಪೂರ್ಣವಾಗಿ ಬರಿದಾಗಿ ಬಹುಕಾಲ ನಿಂತರೆ ಅದರ ಫಲಕಗಳ ಮೇಲೆ ಸಲ್ಫೇಟು ಗಟ್ಟಿಗೊಂಡು ಬ್ಯಾಟರಿ ಕೆಡುತ್ತದೆ. ಆದುದರಿಂದ ಗಾಡಿ ನಿಂತಾಗ ಸಂಪರ್ಕವನ್ನು ಕಡಿಯಲು ಒಂದು ಕಟಾಫ್ ಸ್ವಿಚ್ಚನ್ನು ಇಟ್ಟಿರುತ್ತಾರೆ.

ರಾತ್ರಿ ಎಂಟಕ್ಕೆ ದೀಪ ಮಂಕಾಯಿತು. ಫ್ರಿಜ್ಜು ಗುರ್ರೆಂದು ಸುಮ್ಮನಾಯಿತು; ಅದು ಸುಮ್ಮನಾದೊಡನೆ ದೀಪ ಮತ್ತೆ ಬೆಳಗಿತು. ಹೀಗೆಯೇ ಹತ್ತಾರು ಬಾರಿ. ಎಲ್ಲವನ್ನೂ ಆರಿಸಿ ಮೀಟರು ಹಿಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟು, ಸ್ವಿಚ್ಚಿನ ಆಚೆಗೂ 12.6. ದೋಷ ಫ್ರಿಜ್ಜಿನದೇ ಎಂದು ತೀರ್ಪಿತ್ತೆ. ವ್ಯಾಕರಣ ಕಲಿಸುವವನಿಗೆ ತೀರ್ಪಿನ ಚಟ ತುಸು ಹೆಚ್ಚು. ತಾಯಿಯವರು ಮಾತಾಡದೆ ಸೀಸೆಗಳನ್ನು ಒಂದು ಗಡಿಗೆಯಲ್ಲಿಟ್ಟು, ಸುತ್ತಲೂ ಒದ್ದೆ ಬಟ್ಟೆ ಸುತ್ತಿದರು.

ಬೆಳಿಗ್ಗೆ ಶಿರಹಟ್ಟಿಯಿಂದ ಟ್ರ್ಯಾಕ್ಟರು ರಿಪೇರಿಯ ಮೇಸ್ತ್ರಿಯೊಬ್ಬರು ಬಂದರು. ನನ್ನ ಲೆಕ್ಕವನ್ನು ಕೇಳಿ ನಕ್ಕರು.

"ಖಾಲಿ ಗಾಡಿ ಎಳೆಯೋ ಎತ್ತಿನ ಬಲ ಹೆಂಗ ತಿಳೀತದರಿ ಸರ? ಹೇರು ಹಾಕಿ ನೋಡಬೇಕ್ರಿ."

ಟ್ರ್ಯಾಕ್ಟರಿನ ಮುಂದೀಪದ ಬಲ್ಬೊಂದನ್ನು ಸ್ವಿಚ್ಚಿನ ಆಚೆಗೆ ಜೋಡಿಸಿದರು. ಬ್ಯಾಟರಿಯಲ್ಲಿ 12.4, ಬಲ್ಬಿಗೆ ತಲಪಿದ್ದು 9 ಮಾತ್ರ. ಮೀಟರಿನ ಎರಡು ಮುಳ್ಳುಗಳನ್ನು ಸ್ವಿಚ್ಚಿನ ಎರಡು ತುದಿಗಳಿಗೆ ಹಿಡಿದಾಗ 3ಕ್ಕೂ ಮಿಗಿಲು. ಸಂಪರ್ಕ ಸರಿಯಿದ್ದರೆ ಅಲ್ಲಿ ಸೊನ್ನೆಯ ಸಮೀಪ ಇರಬೇಕು. ಕೆಲವೇ ನಿಮಿಷಗಳಲ್ಲಿ ಸ್ವಿಚ್ಚು ಕೈಗೆ ಬೆಚ್ಚಗಾಯಿತು. ಒಳಗಿನ ತಾಮ್ರ ಕಿಲುಬುಗಟ್ಟಿ, ಹರಿವು ಹೆಚ್ಚಿದಂತೆಲ್ಲ ವೋಲ್ಟನ್ನು ತಾನೇ ನುಂಗುತ್ತಿತ್ತು! ಹರಿವೇ ಇಲ್ಲದಾಗ ನುಂಗುವುದೇನು? ನನ್ನ ಮೀಟರು ಸುಳ್ಳಾಡಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಮೇಸ್ತ್ರಿ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿದರು. ಸ್ವಿಚ್ಚಿನ ಎರಡೂ ತಂತಿಗಳನ್ನು ಬಿಚ್ಚಿ, ಒಂದೇ ಬೋಲ್ಟಿಗೆ ಬಿಗಿದು, ಟೇಪು ಸುತ್ತಿದರು. ಫ್ಯೂಸನ್ನು ಮಾತ್ರ ಇದ್ದಂತೆಯೇ ಇರಿಸಿದರು. ಕೊನೆಗೆ ಋಣ ತಂತಿ ಮತ್ತೆ ಸ್ವಸ್ಥಾನಕ್ಕೆ. ಹೊಸ ಸ್ವಿಚ್ಚು ಬರುವವರೆಗೆ ಇಷ್ಟು ಸಾಕೆಂದರು.

ಫ್ರಿಜ್ಜು ಒಮ್ಮೆ ಗುರ್ರೆಂದು, ನಿಲ್ಲದೆ ನಡೆಯಿತು. ತಾಯಿಯವರು ಸೀಸೆಗಳನ್ನು ಒಳಗಿಟ್ಟರು. ಒಂದನ್ನು ಮಾತ್ರ ಗಡಿಗೆಯಲ್ಲಿಯೇ ಉಳಿಸಿಕೊಂಡರು.