ಸರ್ಕಾರಿ ಶಾಲೆಯ ಜಮಾ-ಖರ್ಚು: ಮೂರು ಮಕ್ಕಳು ಕಡಿಮೆಯಾದರೆ ಆಗುವ ನಷ್ಟ

ಕರ್ನಾಟಕದಲ್ಲಿ ಸುಮಾರು ಮುಕ್ಕಾಲು ಲಕ್ಷ ಶಾಲೆಗಳಿವೆ. ಇವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಭಾಗ ಸರ್ಕಾರಿ ಶಾಲೆಗಳು. ಆದರೆ ರಾಜ್ಯದ ಒಟ್ಟು ವಿದ್ಯಾರ್ಥಿಗಳಲ್ಲಿ ಈ ಶಾಲೆಗಳಲ್ಲಿ ಕಲಿಯುತ್ತಿರುವವರು ಅರ್ಧಕ್ಕಿಂತ ಹೆಚ್ಚಿಲ್ಲ. ಈ ಎರಡು ಅಂಕಿಗಳನ್ನು ಜೊತೆಯಾಗಿಟ್ಟು ನೋಡಿದ ವರ್ತಕನಿಗೆ ಥಟ್ಟನೆ ಹೊಳೆಯುವ ಪರಿಹಾರ ಒಂದೇ: ಗಿರಾಕಿ ಇಲ್ಲದ ಅಂಗಡಿಗಳನ್ನು ಮುಚ್ಚಿ, ಉಳಿದವನ್ನು ಒಗ್ಗೂಡಿಸುವುದು. ಶಾಲೆಗಳ ವಿಲೀನದ ಪ್ರಸ್ತಾಪ ಬಂದಾಗಲೆಲ್ಲ ಈ ವಾದ ಕೇಳಿಬರುತ್ತದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ವಾದ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಅವಶ್ಯಕ.

ದಾಖಲಾತಿ ಇಳಿಯಲು ಕಾರಣಗಳು

ಮೊದಲನೆಯ ಕಾರಣ ಜನನ ಪ್ರಮಾಣದ ಇಳಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಪ್ರತಿ ಮಹಿಳೆಗೆ ಸರಾಸರಿ 1.7 ಮಕ್ಕಳು. ಎಂದರೆ, ಯಾವ ಶಾಲೆಯ ತಪ್ಪೂ ಇಲ್ಲದೆ ಒಂದನೆಯ ತರಗತಿಗೆ ಸೇರುವವರ ಸಂಖ್ಯೆ ಕಡಿಮೆಯಾಗುತ್ತದೆ. ಎರಡನೆಯದು ಇಂಗ್ಲಿಷ್ ಮಾಧ್ಯಮದ ಆಕರ್ಷಣೆ. ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿತು. 2019-20ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಮುಂದಾಯಿತು. ಮೂರನೆಯದು ದುಡಿಮೆಗಾಗಿ ಪಟ್ಟಣ ಸೇರುವ ಕುಟುಂಬಗಳ ವಲಸೆ.

ಅಂಕಿ-ಅಂಶಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಶಾಲೆಗಳ ಮಾಹಿತಿ ಸಂಗ್ರಹಿಸುವ ಯುಡೈಸ್ ಪ್ಲಸ್ ವ್ಯವಸ್ಥೆಯಲ್ಲಿ 2022-23ರವರೆಗೆ ಶಾಲಾವಾರು ಒಟ್ಟು ಸಂಖ್ಯೆಯನ್ನಷ್ಟೇ ಕೊಡಲಾಗುತ್ತಿತ್ತು. ಆ ವರ್ಷದಿಂದ ಪ್ರತಿ ವಿದ್ಯಾರ್ಥಿಯ ವಿವರವನ್ನು ಪ್ರತ್ಯೇಕವಾಗಿ ದಾಖಲಿಸುವ ಪದ್ಧತಿ ಬಂದಿತು. ಎರಡು ಕಡೆ ಹೆಸರಿದ್ದ ಮಕ್ಕಳು ಒಂದೇ ಕಡೆ ಎಣಿಕೆಯಾದರು. ದಾಸ್ತಾನನ್ನು ಅಂದಾಜಿನಿಂದ ಬರೆಯುತ್ತಿದ್ದ ವ್ಯಾಪಾರಿ ಮೂಟೆಗಳನ್ನು ಎಣಿಸಿ ಬರೆಯತೊಡಗಿದರೆ ಮೊದಲ ವರ್ಷ ಕಾಣುವ ಇಳಿಕೆಯೆಲ್ಲ ನಿಜವಾದ ನಷ್ಟವಲ್ಲ. ಆದ್ದರಿಂದ ಹಿಂದಿನ ವರ್ಷಗಳೊಂದಿಗೆ ನೇರ ಹೋಲಿಕೆ ಸಲ್ಲದು.

ಶಿಕ್ಷಕರ ಸಂಖ್ಯೆ: ಮೆಟ್ಟಿಲಿನ ಲೆಕ್ಕ

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯ ಪ್ರಕಾರ 1ರಿಂದ 5ನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ 2, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4, 121ರಿಂದ 200ರವರೆಗೆ 5 ಶಿಕ್ಷಕರಿರಬೇಕು. ಇದು ಏರುಪೇರಿಲ್ಲದ ರೇಖೆಯಲ್ಲ, ಮೆಟ್ಟಿಲು. ಕಾರ್ಖಾನೆಯ ವೆಚ್ಚಪಟ್ಟಿ ತಯಾರಿಸುವವರಿಗೆ ಇಂತಹ ಮೆಟ್ಟಿಲು ವೆಚ್ಚ ಹೊಸದಲ್ಲ.

ಉದಾಹರಣೆಗೆ, 62 ಮಕ್ಕಳಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿ 3 ಶಿಕ್ಷಕರು. ಜೂನ್ ತಿಂಗಳಲ್ಲಿ ಊರಿಗೆ ಖಾಸಗಿ ಶಾಲೆಯ ವಾಹನ ಬರತೊಡಗಿ, ಮೂವರು ಮಕ್ಕಳು ಅದನ್ನು ಹತ್ತುತ್ತಾರೆ. ದಾಖಲಾತಿ 59ಕ್ಕೆ ಇಳಿಯುತ್ತದೆ. ಮಕ್ಕಳ ಸಂಖ್ಯೆಯಲ್ಲಿ ಆದ ಇಳಿಕೆ ಶೇಕಡಾ 5ಕ್ಕಿಂತ ಕಡಿಮೆ; ಅನುಸೂಚಿಯಂತೆ ಶಿಕ್ಷಕರ ಸಂಖ್ಯೆಯಲ್ಲಿ ಆಗುವ ಇಳಿಕೆ ಮೂರನೆಯ ಒಂದು ಭಾಗ. ಮೂರನೆಯವರು ಹೆಚ್ಚುವರಿ ಶಿಕ್ಷಕರೆನಿಸಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ. ಉಳಿದ ಇಬ್ಬರು ಐದು ತರಗತಿಗಳನ್ನು ನೋಡಿಕೊಳ್ಳಬೇಕು. ಅವರಲ್ಲೊಬ್ಬರು ಮುಖ್ಯೋಪಾಧ್ಯಾಯರು, ಬಿಸಿಯೂಟ, ಹಾಲು ಮತ್ತು ಮೊಟ್ಟೆಯ ಲೆಕ್ಕ, ಗಣಕಯಂತ್ರದಲ್ಲಿ ವಿದ್ಯಾರ್ಥಿಗಳ ವಿವರ ದಾಖಲಿಸುವುದು, ತಾಲ್ಲೂಕು ಕೇಂದ್ರದ ಸಭೆ ಎಲ್ಲವೂ ಅವರ ಹೊಣೆ. ಇನ್ನೊಬ್ಬರು ರಜೆ ಹಾಕಿದ ದಿನ ಪಾಠ ನಡೆಯುವುದೇ ಅನುಮಾನ. ಪೋಷಕರು ಸರ್ಕಾರಿ ಆದೇಶಗಳನ್ನು ಓದುವುದಿಲ್ಲ, ಆದರೆ ಖಾಲಿ ಕುರ್ಚಿಯನ್ನು ನೋಡುತ್ತಾರೆ. ಮರುವರ್ಷ ಮತ್ತಷ್ಟು ಮಕ್ಕಳು ಹೊರಡುತ್ತಾರೆ. ಹೀಗೆ ದಾಖಲಾತಿಯ ಇಳಿಕೆ ಶಿಕ್ಷಕರ ಕೊರತೆಗೂ, ಶಿಕ್ಷಕರ ಕೊರತೆ ದಾಖಲಾತಿಯ ಇಳಿಕೆಗೂ ಕಾರಣವಾಗುತ್ತ ಹೋಗುತ್ತದೆ.

ಬಹುವರ್ಗ ಬೋಧನೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಅದರ ಮೇಲೆಯೇ ನಿಂತಿದೆ. ಆದರೆ ಆ ಪದ್ಧತಿಗೆ ದಿನವಿಡೀ ತರಗತಿಯಲ್ಲೇ ಇರುವ ಶಿಕ್ಷಕರು ಬೇಕು.

ಖಾಲಿ ಹುದ್ದೆ ತುಂಬುವ ಕೆಲಸ ನಿಧಾನ. 2022ರಲ್ಲಿ ಪ್ರಕಟವಾದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ, ವಿವಾಹಿತ ಅಭ್ಯರ್ಥಿಗಳ ಜಾತಿ-ಆದಾಯ ಪ್ರಮಾಣಪತ್ರದ ಪ್ರಶ್ನೆಯಿಂದಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಈ ಅಂತರವನ್ನು ತುಂಬುತ್ತಿರುವವರು ಗೌರವಧನದ ಮೇಲೆ ದುಡಿಯುವ ಹತ್ತಾರು ಸಾವಿರ ಅತಿಥಿ ಶಿಕ್ಷಕರು.

ಹಣ ಬರುವ ದಾರಿ

ಸರ್ಕಾರಿ ಶಾಲೆಯ ವೆಚ್ಚದಲ್ಲಿ ಸಿಂಹಪಾಲು ವೇತನ. ಅದು ರಾಜ್ಯದ ಖಜಾನೆಯಿಂದ ನೇರವಾಗಿ ಶಿಕ್ಷಕರಿಗೆ ಸಲ್ಲುತ್ತದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಹೊರುತ್ತವೆ. ತೆರಿಗೆದಾರರು ಆದಾಯ ತೆರಿಗೆಯ ಮೇಲೆ ಕಟ್ಟುವ ಶಿಕ್ಷಣ ಉಪಕರ 2004ರಲ್ಲಿ ಶೇಕಡಾ 2ರಂತೆ ಆರಂಭವಾಗಿ, 2018ರಲ್ಲಿ ಆರೋಗ್ಯ ಮತ್ತು ಶಿಕ್ಷಣ ಉಪಕರವೆಂಬ ಹೆಸರಿನಲ್ಲಿ ಶೇಕಡಾ 4 ಆಯಿತು. ಉಪಕರವು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆಯ ಮೊತ್ತದಲ್ಲಿ ಸೇರುವುದಿಲ್ಲ. ಯೋಜನೆಗಳ ಮೂಲಕವಷ್ಟೇ ರಾಜ್ಯಕ್ಕೆ ಹಿಂದಿರುಗುತ್ತದೆ.

ಶಾಲೆಯ ಕೈಗೆ ನೇರವಾಗಿ ಸಿಗುವ ಹಣವೆಂದರೆ ಸಮಗ್ರ ಶಿಕ್ಷಣದ ಸಂಯುಕ್ತ ಅನುದಾನ. ಯೋಜನೆಯ ಪರಿಷ್ಕೃತ ಮಾನದಂಡದಂತೆ 30 ಮಕ್ಕಳವರೆಗೆ ವರ್ಷಕ್ಕೆ ರೂ. 10,000, ಅದಕ್ಕಿಂತ ಮೇಲೆ 100ರವರೆಗೆ ರೂ. 25,000, 250ರವರೆಗೆ ರೂ. 50,000. ಇಲ್ಲಿಯೂ ಅದೇ ಮೆಟ್ಟಿಲು. 31ನೆಯ ಮಗು ಶಾಲೆ ಬಿಟ್ಟರೆ ರೂ. 15,000 ಹೋಗುತ್ತದೆ, ಸೋರುವ ಮಾಳಿಗೆಯಾಗಲಿ, ಶೌಚಾಲಯವಾಗಲಿ ಅದಕ್ಕೆ ತಕ್ಕಂತೆ ಚಿಕ್ಕದಾಗುವುದಿಲ್ಲ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರನ್ನು ಉಚಿತವಾಗಿ ನೀಡುವುದಾಗಿ 2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಘೋಷಿಸಿದ್ದು ಈ ಕಾರಣದಿಂದ ಸ್ವಾಗತಾರ್ಹ.

ಮುಚ್ಚಿದರೆ ಉಳಿತಾಯವೆಷ್ಟು?

ಪ್ರತಿ ಶಿಕ್ಷಕರ ವಾರ್ಷಿಕ ವೇತನ ರೂ. 7 ಲಕ್ಷವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 62 ಮಕ್ಕಳಿಗೆ 3 ಶಿಕ್ಷಕರಿದ್ದಾಗ ಪ್ರತಿ ಮಗುವಿಗೆ ತಗಲುವ ವೇತನ ವೆಚ್ಚ ಸುಮಾರು ರೂ. 34,000. 20 ಮಕ್ಕಳಿಗೆ 2 ಶಿಕ್ಷಕರಿದ್ದಾಗ ಅದು ರೂ. 70,000. ಈ ಎರಡನೆಯ ಅಂಕಿಯನ್ನು ಮುಂದಿಟ್ಟುಕೊಂಡೇ ಶಾಲೆ ಮುಚ್ಚುವ ಮಾತು ಬರುತ್ತದೆ.

ಆದರೆ ತಲಾ ವೆಚ್ಚ ಬೇರೆ, ಉಳಿಸಬಹುದಾದ ವೆಚ್ಚ ಬೇರೆ. ಶಾಲೆ ಮುಚ್ಚಿದರೂ ಆ ಇಬ್ಬರು ಶಿಕ್ಷಕರ ರೂ. 14 ಲಕ್ಷ ವೇತನ ಮತ್ತೊಂದು ಶಾಲೆಯ ಖಾತೆಯಲ್ಲಿ ಮುಂದುವರಿಯುತ್ತದೆ. ಊಟದ ವೆಚ್ಚ ಮಗುವಿನ ಜೊತೆಯೇ ಹೋಗುತ್ತದೆ. ನಿಜವಾಗಿ ಉಳಿಯುವುದು ರೂ. 10,000 ಅನುದಾನ ಮತ್ತು ಅಡುಗೆಯವರ ಗೌರವಧನ. ಎದುರು ಬದಿಯಲ್ಲಿ, 20 ಮಕ್ಕಳನ್ನು ತಿಂಗಳಿಗೆ ತಲಾ ರೂ. 1,000ದಂತೆ 10 ತಿಂಗಳು ವಾಹನದಲ್ಲಿ ಕಳುಹಿಸಿದರೆ ರೂ. 2 ಲಕ್ಷ. ಅದನ್ನು ಸರ್ಕಾರ ಭರಿಸದಿದ್ದರೆ ಕೂಲಿ ಮಾಡುವ ಪೋಷಕರು ಭರಿಸಬೇಕು, ಇಲ್ಲವೇ ಮಗು ಶಾಲೆ ಬಿಡಬೇಕು. ಕಿರಿಯ ಪ್ರಾಥಮಿಕ ಶಾಲೆ 1 ಕಿಲೋಮೀಟರ್ ಒಳಗಿರಬೇಕೆಂದು ನಿಯಮಗಳು ಹೇಳುವುದು ಈ ಕಾರಣಕ್ಕಾಗಿಯೇ.

ವಿಲೀನದ ಪರವಾದ ವಾದದಲ್ಲಿಯೂ ತಿರುಳಿಲ್ಲದಿಲ್ಲ. ಸ್ಥಳಾಂತರವಾದ ಶಿಕ್ಷಕರು ಬೇರೆಡೆಯ ಖಾಲಿ ಹುದ್ದೆಯನ್ನು ತುಂಬಿದರೆ ಉಳಿತಾಯ ನೈಜ. ಐದಾರು ಮಕ್ಕಳಷ್ಟೇ ಇರುವ ಶಾಲೆಯಲ್ಲಿ ಸಹಪಾಠಿಗಳ ಒಡನಾಟವೂ ಸಿಗುವುದಿಲ್ಲ. ಒಂದೇ ಆವರಣದಲ್ಲಿ ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಪೋಷಕರಿಂದ ಬೇಡಿಕೆಯಿದೆ. ಆದರೆ ವಾಹನದ ವೆಚ್ಚವನ್ನು ಲೆಕ್ಕದಿಂದ ಹೊರಗಿಟ್ಟು ತೋರಿಸುವ ಉಳಿತಾಯ, ಸಾಲವನ್ನು ಮುಚ್ಚಿಟ್ಟು ತೋರಿಸುವ ಲಾಭಕ್ಕೆ ಸಮಾನ.

ಕಲಿಕೆಯ ಅಳತೆ

ಫಲಿತಾಂಶವನ್ನು ಅಳೆಯುವುದು ಇನ್ನೂ ಕಷ್ಟ. ಎಸ್‌.ಎಸ್‌.ಎಲ್‌.ಸಿ. ಉತ್ತೀರ್ಣತೆ 2023ರಲ್ಲಿ ಶೇಕಡಾ 83.89 ಇದ್ದುದು 2024ರಲ್ಲಿ ಶೇಕಡಾ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಿತ್ತು. ಜೊತೆಗೆ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಗಿತ್ತು. ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇಕಡಾ 70ಕ್ಕಿಂತ ಕೆಳಗೆ ಹೋಯಿತು. ಕಂಪನಿಯೊಂದು ಲೆಕ್ಕದ ನೀತಿಯನ್ನು ಬದಲಿಸಿದರೆ ಅದರ ಪರಿಣಾಮವನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. ಪರೀಕ್ಷಾ ಫಲಿತಾಂಶಕ್ಕೂ ಅಂತಹ ಟಿಪ್ಪಣಿ ಬೇಕು.

ಅಡಿಪಾಯದ ಸ್ಥಿತಿಯನ್ನು ಅಸರ್ ಸಮೀಕ್ಷೆ ತೋರಿಸುತ್ತದೆ. ಗ್ರಾಮೀಣ ಕರ್ನಾಟಕದಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಐವರಲ್ಲಿ ಒಬ್ಬರಷ್ಟಿದ್ದರು. ಕೊರೋನಾ ಕಾಲದ ದೀರ್ಘ ರಜೆಯ ನಂತರ, 2022ರಲ್ಲಿ, ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಈ ಮಕ್ಕಳೇ ಮುಂದೆ ನಮ್ಮ ಜಿಲ್ಲೆಗಳ ಗಿರಣಿ, ಗೋದಾಮು, ಅಂಗಡಿಗಳಿಗೆ ಕೆಲಸಕ್ಕೆ ಬರುವವರು.

ಉದ್ಯಮಿಗಳು ಮಾಡಬಹುದಾದದ್ದು

2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಈ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚೆಂದು ಕಳೆಯಲು ಬರುವುದಿಲ್ಲ. 2023ರ ಹಣಕಾಸು ಕಾಯಿದೆಯ ತಿದ್ದುಪಡಿಯ ನಂತರ ಇದಕ್ಕಾಗಿ ಕೊಂಡ ಸರಕಿನ ಜಿ.ಎಸ್‌.ಟಿ. ಹೂಡುವಳಿ ತೆರಿಗೆ ಜಮೆಯೂ ದೊರೆಯುವುದಿಲ್ಲ. ಆದ್ದರಿಂದ ಪ್ರತಿ ರೂಪಾಯಿಯೂ ಫಲ ಕೊಡುವ ಕಡೆಗೇ ಹೋಗಬೇಕು.

ಸಾಮಾನ್ಯವಾಗಿ ಈ ಹಣ ಕಮಾನು, ಬಣ್ಣ, ಗಣಕಯಂತ್ರಗಳಿಗೆ ಹೋಗುತ್ತದೆ. ಏಕೆಂದರೆ ಅವುಗಳ ಮೇಲೆ ದಾನಿಯ ಹೆಸರು ಬರೆಯಬಹುದು. ಅದಕ್ಕೆ ಬದಲಾಗಿ ಮೆಟ್ಟಿಲಿನ ಅಂಚಿನಲ್ಲಿರುವ ಶಾಲೆಯನ್ನು ಗುರುತಿಸುವುದು ಲೇಸು. ದಾಖಲಾತಿ 55ರಿಂದ 65ರ ನಡುವೆ ಅಥವಾ 30ರ ಆಸುಪಾಸಿನಲ್ಲಿ ಇರುವ ಶಾಲೆಗಳ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು. ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಪ್ಪಿಗೆಯೊಂದಿಗೆ ಒಬ್ಬ ಹೆಚ್ಚುವರಿ ಬೋಧಕರ ಗೌರವಧನ ಅಥವಾ ಪಕ್ಕದ ಹಳ್ಳಿಯ ಮಕ್ಕಳಿಗೆ ಒಂದು ವಾಹನವನ್ನು ಕನಿಷ್ಠ 3 ವರ್ಷ ಒದಗಿಸಿದರೆ, ಹೊರಡಲಿದ್ದ ಮೂವರು ಮಕ್ಕಳು ಉಳಿಯಬಹುದು. ಅವರು ಉಳಿದರೆ ಸರ್ಕಾರದ ಶಿಕ್ಷಕರ ಹುದ್ದೆಯೂ ಉಳಿಯುತ್ತದೆ. ದಾನಿಯ ಖರ್ಚು ಒಂದು ಗೌರವಧನ ಅಥವಾ ಒಂದು ವಾಹನದ ಬಾಡಿಗೆಯಷ್ಟೇ. ಶಾಲೆಗೆ ಉಳಿಯುವುದು ಪೂರ್ಣಾವಧಿಯ ಒಬ್ಬ ಶಿಕ್ಷಕರು. ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೆ ಇದಕ್ಕಿಂತ ಹೆಚ್ಚಿನ ಪ್ರತಿಫಲ ಬೇರೆಡೆ ಸಿಗುವುದು ಅಪರೂಪ.